ಆಕಾಶದ ಮೇಟಿ

ಮದುವೆಯ ಕಲಾಪಗಳಲ್ಲಿ ವಧೂವರರಿಗೆ ಧ್ರುವನನ್ನೂ ಅರುಂಧತಿಯನ್ನೂ ತೋರಿಸುವ ಆಚಾರವೊಂದು ನಮ್ಮಲ್ಲಿ ಅನೇಕ ಕಡೆ ಉಂಟು. ರಾತ್ರಿಯ ಹೊತ್ತು ನಡೆಯಬೇಕಾದ ಈ ಕಾರ್ಯ ಈಗ ಬಹುಮಟ್ಟಿಗೆ ಹಗಲಿನಲ್ಲಿಯೇ ಮುಗಿದುಹೋಗುತ್ತದೆ. ಪುರೋಹಿತರು ಕಲ್ಯಾಣಮಂಟಪದ ಬಾಗಿಲಿಗೆ ಬಂದು, ಬಿಸಿಲು ತುಂಬಿದ ಆಕಾಶದ ಕಡೆಗೆ ಕೈತೋರಿ, “ಕಂಡೆವು ಎನ್ನಿ” ಎನ್ನುತ್ತಾರೆ. ವಧೂವರರು “ಕಂಡೆವು” ಎನ್ನುತ್ತಾರೆ. ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ದೂರದರ್ಶಕವನ್ನು ಹೂಡಿ ಆಕಾಶವನ್ನು ನೋಡಲು ಹೊರಟವನು ಹೀಗೆ ಕಾಣದೆಯೇ ಕಂಡೆನೆಂದರೆ ನಡೆಯದು. ಅವನ ಆ ರಾತ್ರಿಯ ಕೆಲಸವೆಲ್ಲ ಧ್ರುವದ ಸ್ಥಾನವನ್ನು ಅವನು ಎಷ್ಟು ನಿಜವಾಗಿ ಗುರುತಿಸಿದನೆಂಬುದರ ಮೇಲೆ ನಿಂತಿರುತ್ತದೆ. ಇತ್ತೀಚೆಗೆ ಈ ಗುರುತಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಅದು ಆಯಿತೆಂದಾಗ ಆಯಿತೆಂದು ನಂಬುವ ಅಭ್ಯಾಸ ಬೆಳೆಯುತ್ತಿದೆ. ವಿದ್ಯಾರ್ಥಿಗಳ ಮಟ್ಟಿಗೆ ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಏಕೆ ಸರಿಯಲ್ಲವೆಂಬುದನ್ನು ಹೇಳುವ ಮೊದಲು ಆ ಕೆಲಸ ಏನೆಂಬುದನ್ನು ವಿವರಿಸಬೇಕು.

ಸುಗ್ಗಿಯ ಕಾಲದಲ್ಲಿ ಕಣದ ನಡುವೆ ಮೇಟಿಕಂಬವನ್ನು ನೆಟ್ಟು, ಎತ್ತುಗಳನ್ನು ಸಾಲಾಗಿ ಅದಕ್ಕೆ ಕಟ್ಟಿ, ತೆನೆ ತುಳಿಸುತ್ತಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ಹಿರಿಯರಿಂದ ಕೇಳಿರಬಹುದು. ಮೇಟಿಗೆ ಹತ್ತಿರದ ಎತ್ತು ನಿಂತಲ್ಲಿಯೇ ತಿರುಗಿದಂತೆ ಚಿಕ್ಕ ಸುತ್ತನ್ನು ಹಾಕುತ್ತದೆ. ಸಾಲಿನ ಹೊರತುದಿಯ ಎತ್ತು ದೊಡ್ಡ ಸುತ್ತನ್ನು ಹಾಕುತ್ತದೆ. ಆದರೂ ಎರಡೂ ಒಂದೇ ಕಾಲದಲ್ಲಿ ತಮ್ಮ ಸುತ್ತನ್ನು ಪೂರೈಸುತ್ತವೆ. ಗ್ರಹನಕ್ಷತ್ರಗಳು ಧ್ರುವನನ್ನು ಸುತ್ತುವುದನ್ನು ಹೇಳುವಾಗ ಭಾಗವತದಲ್ಲಿ ಈ ಮೇಟಿಯ ಹೋಲಿಕೆಯೇ ಬಂದಿದೆ. ಇಡೀ ರಾತ್ರಿ ಆಕಾಶವನ್ನು ಗಮನಿಸಿ ನೋಡಿದವರಿಗೆ ಇದಕ್ಕಿಂತ ಒಪ್ಪುವ ಹೋಲಿಕೆ ಹೊಳೆಯುವುದು ಕಷ್ಟ.

ಸುತ್ತುವುದು ಆಕಾಶವಲ್ಲ, ನಾವು ನಿಂತಿರುವ ನೆಲ ಎಂಬುದನ್ನು ನೀವು ಬಲ್ಲಿರಿ. ಭೂಮಿ ತನ್ನ ಅಕ್ಷದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ, 23 ಗಂಟೆ 56 ನಿಮಿಷ 4 ಸೆಕೆಂಡುಗಳಲ್ಲಿ ಒಂದು ಸುತ್ತು ತಿರುಗುತ್ತದೆ. ಆದುದರಿಂದ ನಕ್ಷತ್ರಗಳು ಪೂರ್ವದಿಂದ ಪಶ್ಚಿಮಕ್ಕೆ, ಗಂಟೆಗೆ ಸುಮಾರು 15 ಡಿಗ್ರಿಗಳಂತೆ ಸಾಗುತ್ತಿರುವಂತೆ ತೋರುತ್ತವೆ. ಡಿಗ್ರಿಯ ಅರುವತ್ತನೆಯ ಒಂದು ಭಾಗಕ್ಕೆ ಕಲೆ ಎಂದೂ ಕಲೆಯ ಅರುವತ್ತನೆಯ ಒಂದು ಭಾಗಕ್ಕೆ ವಿಕಲೆ ಎಂದೂ ಹೆಸರು. ಹುಣ್ಣಿಮೆಯ ಚಂದ್ರಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ, ಎಂದರೆ 30 ಕಲೆ. ಅಷ್ಟು ದೂರ ಸರಿಯಲು ಆಕಾಶಕ್ಕೆ ಎರಡು ನಿಮಿಷ ಸಾಕು. ಬರಿಗಣ್ಣಿಗೆ ಈ ಚಲನೆ ತಿಳಿಯದು. ಆದರೆ ನೂರು ಪಟ್ಟು ದೊಡ್ಡದಾಗಿ ತೋರಿಸುವ ದೂರದರ್ಶಕವು ಚಲನೆಯನ್ನೂ ನೂರು ಪಟ್ಟು ಹೆಚ್ಚಿಸಿಯೇ ತೋರಿಸುತ್ತದೆ. ಶನಿಗ್ರಹವನ್ನು ನೋಡಲು ಸಾಲುಗಟ್ಟಿ ನಿಂತ ಮಕ್ಕಳಲ್ಲಿ ಮೂರನೆಯವನ ಸರದಿ ಬರುವಷ್ಟರಲ್ಲಿ ಶನಿ ನೋಟದಿಂದ ಜಾರಿಹೋಗಿರುತ್ತದೆ. ಆ ಹುಡುಗ ಬರಿಯ ಕತ್ತಲೆಯನ್ನು ನೋಡಿ, ಹಿಂದಿನವರು ಕಾಯುತ್ತಿದ್ದಾರೆಂಬ ಸಂಕೋಚದಿಂದ, ಕಂಡೆನೆಂದು ಹೇಳಿ ಸರಿದುಕೊಳ್ಳುತ್ತಾನೆ.

ದೂರದರ್ಶಕವನ್ನು ಹೊತ್ತು ತಿರುಗಿಸುವ ಸಾಧನಕ್ಕೆ ಬಳಕೆಯಲ್ಲಿ ಮೌಂಟ್ ಎಂಬ ಹೆಸರಿದೆ. ಇಲ್ಲಿ ಅದನ್ನು ಪೀಠವೆಂದು ಕರೆಯೋಣ. ಪೀಠಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಕೊಳವೆಯನ್ನು ಮೇಲೆ ಕೆಳಗೆ ಮತ್ತು ಎಡಕ್ಕೆ ಬಲಕ್ಕೆ ತಿರುಗಿಸಬಹುದು. ಇದು ಸರಳವೇನೋ ನಿಜ. ಆದರೆ ಓರೆಯಾಗಿ ಏರಿ ಓರೆಯಾಗಿ ಇಳಿಯುವ ನಕ್ಷತ್ರವನ್ನು ಹಿಂಬಾಲಿಸಲು ಎರಡು ಚಲನೆಗಳನ್ನೂ ಕ್ಷಣಕ್ಷಣಕ್ಕೂ ಬೇರೆಬೇರೆ ವೇಗದಲ್ಲಿ ನಡೆಸಬೇಕಾಗುತ್ತದೆ. ಇನ್ನೊಂದು ಬಗೆಯಲ್ಲಿ ಎರಡು ಅಕ್ಷಗಳಲ್ಲಿ ಒಂದನ್ನು ವಾಲಿಸಿ ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸುತ್ತಾರೆ. ಇದಕ್ಕೆ ಧ್ರುವಾಕ್ಷವೆಂದು ಹೆಸರು. ಭೂಮಿ ಪೂರ್ವಕ್ಕೆ ತಿರುಗುವ ವೇಗದಲ್ಲಿಯೇ ಈ ಒಂದು ಅಕ್ಷವನ್ನು ಪಶ್ಚಿಮಕ್ಕೆ ತಿರುಗಿಸಿದರೆ ಸಾಕು, ನಕ್ಷತ್ರ ನೋಟದ ನಡುವೆ ಕದಲದೆ ನಿಲ್ಲುತ್ತದೆ. ಒಂದು ಚಿಕ್ಕ ಮೋಟಾರು ಈ ಕೆಲಸವನ್ನು ರಾತ್ರಿಯೆಲ್ಲ ಮಾಡಬಲ್ಲುದು.

ಆದರೆ ಅಕ್ಷ ನಿಜವಾಗಿಯೂ ಸಮಾಂತರವಾಗಿರಬೇಕು. ಹಳೆಯ ಮನೆಯ ದೊಡ್ಡ ಬಾಗಿಲು ತಿರುಗುಣಿಯ ಮೇಲೆ ನಿಂತಿರುವುದನ್ನು ನೋಡಿದ್ದೀರಷ್ಟೆ. ತಿರುಗುಣಿ ನೆಟ್ಟಗಿದ್ದರೆ ಬಾಗಿಲನ್ನು ಎಷ್ಟು ತೆರೆದಿಟ್ಟರೂ ಅಲ್ಲಿಯೇ ನಿಲ್ಲುತ್ತದೆ. ಕೂದಲೆಳೆಯಷ್ಟು ವಾಲಿದ್ದರೂ ಬಾಗಿಲು ತಾನಾಗಿಯೇ ಒಂದು ಕಡೆಗೆ ಸರಿಯತೊಡಗುತ್ತದೆ. ಧ್ರುವಾಕ್ಷದ ಸಂಗತಿಯೂ ಇದೇ. ಅಕ್ಷ ವಾಲಿದ್ದರೆ ನಕ್ಷತ್ರ ಮೆಲ್ಲಮೆಲ್ಲನೆ ಉತ್ತರಕ್ಕೋ ದಕ್ಷಿಣಕ್ಕೋ ಜಾರುತ್ತದೆ. ಈ ಜಾರುವಿಕೆಯನ್ನು ದೋಷವೆಂದು ಎಲ್ಲರೂ ಶಪಿಸುತ್ತಾರೆ. ಅದೇ ನಮ್ಮ ಅತ್ಯುತ್ತಮ ಗುರುವೆಂಬುದನ್ನು ಮುಂದೆ ನೋಡೋಣ.

ಈ ತತ್ತ್ವ ಹೊಸದಲ್ಲ. ಮಹಾರಾಜ ಸವಾಯಿ ಜಯಸಿಂಹನು 18ನೆಯ ಶತಮಾನದಲ್ಲಿ ಜಯಪುರದಲ್ಲಿ ಕಟ್ಟಿಸಿದ ಸಮ್ರಾಟ ಯಂತ್ರವನ್ನು ನೋಡಿ. ಆ ಬೃಹತ್ ತ್ರಿಕೋನಾಕಾರದ ಗೋಡೆಯ ಓರೆಯಂಚು ನೆಲದಿಂದ ಸುಮಾರು 27 ಡಿಗ್ರಿ ಮೇಲೆದ್ದು ಉತ್ತರಕ್ಕೆ ಮುಖಮಾಡಿದೆ. ಜಯಪುರದ ಅಕ್ಷಾಂಶವೂ ಅಷ್ಟೇ. ಅದು ಕಲ್ಲುಗಾರೆಗಳಲ್ಲಿ ಕಟ್ಟಿದ ಧ್ರುವಾಕ್ಷವಲ್ಲದೆ ಮತ್ತೇನು? ಮುಂದೆ 1824ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಎಂಬ ಕುಶಲಿಯು ಡೋರ್ಪಾಟ್ ವೀಕ್ಷಣಾಲಯಕ್ಕೆ 24 ಸೆಂಟಿಮೀಟರ್ ಅಗಲದ ಮಸೂರವುಳ್ಳ ದೂರದರ್ಶಕವೊಂದನ್ನು ರಚಿಸಿಕೊಟ್ಟನು. ಡೋರ್ಪಾಟ್ ಈಗ ಎಸ್ಟೋನಿಯದಲ್ಲಿರುವ ತಾರ್ತು ನಗರ. ಗಡಿಯಾರದ ಯಂತ್ರದಿಂದ ತಿರುಗುತ್ತಿದ್ದ ಆ ಪೀಠದ ಮಾದರಿಯೇ ಇಂದಿಗೂ ಹವ್ಯಾಸಿಗಳ ಬಳಿ ಕಾಣುವ ಜರ್ಮನ್ ಪೀಠದ ಮೂಲ. ನಮ್ಮ ಸಮೀಪದಲ್ಲಿಯೂ ಒಂದು ಉದಾಹರಣೆಯಿದೆ. ತಮಿಳುನಾಡಿನ ಕಾವಲೂರಿನಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, 2.3 ಮೀಟರ್ ಅಗಲದ ದರ್ಪಣವುಳ್ಳ ವೇಣು ಬಾಪು ದೂರದರ್ಶಕವಿದೆ. 1986ರಲ್ಲಿ ದೇಶಕ್ಕೆ ಅರ್ಪಿತವಾದ ಆ ಮಹಾಯಂತ್ರದ ಧ್ರುವಾಕ್ಷ ನೆಲದಿಂದ ಹನ್ನೆರಡೂವರೆ ಡಿಗ್ರಿಯಷ್ಟೇ ಮೇಲೆದ್ದಿದೆ. ಕಾವಲೂರಿನ ಅಕ್ಷಾಂಶ ಅಷ್ಟೇ ಇರುವುದು ಅದಕ್ಕೆ ಕಾರಣ.

ನೀವು ಯಾವ ಊರಿನಲ್ಲಿದ್ದೀರೋ ಆ ಊರಿನ ಅಕ್ಷಾಂಶವೆಷ್ಟೋ ಅಷ್ಟೇ ಡಿಗ್ರಿ ಎತ್ತರದಲ್ಲಿ, ಸರಿಯಾಗಿ ಉತ್ತರ ದಿಕ್ಕಿನಲ್ಲಿ, ಆಕಾಶದ ಉತ್ತರ ಧ್ರುವಬಿಂದುವಿದೆ. ಮೈಸೂರಿನವರಿಗೆ ಅದು ಕ್ಷಿತಿಜದಿಂದ 12 ಡಿಗ್ರಿಗಿಂತ ತುಸು ಮೇಲೆ, ಬೆಂಗಳೂರಿನವರಿಗೆ 13 ಡಿಗ್ರಿ, ಧಾರವಾಡದವರಿಗೆ ಹದಿನೈದೂವರೆ, ಬೀದರಿನವರಿಗೆ ಸುಮಾರು 18. ಯುರೋಪಿನ ಹುಡುಗನೊಬ್ಬನು ತಲೆಯೆತ್ತಿ 50 ಡಿಗ್ರಿ ಎತ್ತರದಲ್ಲಿ ನೋಡುವ ಬಿಂದುವನ್ನು ನಾವು ತೆಂಗಿನ ಗರಿಗಳ ನಡುವೆ, ಎದುರುಮನೆಯ ಮಾಡಿನ ಅಂಚಿನಲ್ಲಿ ಹುಡುಕಬೇಕಾಗಿದೆ. ಇದು ಸಣ್ಣ ಸಂಗತಿಯಲ್ಲ. ಮಲೆನಾಡಿನಲ್ಲಿ ಉತ್ತರಕ್ಕೆ ಗುಡ್ಡವೊಂದು ಅಡ್ಡವಿದ್ದರೆ, ಕರಾವಳಿಯಲ್ಲಿ ಕ್ಷಿತಿಜದ ಮೇಲೆ ಮಬ್ಬು ಕವಿದಿದ್ದರೆ, ಪಟ್ಟಣದಲ್ಲಿ ಬೀದಿದೀಪಗಳು ಉರಿಯುತ್ತಿದ್ದರೆ, ಧ್ರುವನಕ್ಷತ್ರ ತಿಂಗಳುಗಟ್ಟಲೆ ಕಣ್ಣಿಗೆ ಬೀಳದಿರಬಹುದು. ಅದರ ಹೊಳಪೂ ಸಾಮಾನ್ಯ. ಆಕಾಶದ ಅತ್ಯುಜ್ಜ್ವಲ ನಕ್ಷತ್ರವೆಂದು ತಿಳಿದವರು ಅದನ್ನು ಕಂಡಾಗ ನಿರಾಶರಾಗುತ್ತಾರೆ.

ಕಂಡರೂ ಕೆಲಸ ಮುಗಿಯಿತೆಂದಲ್ಲ. ಧ್ರುವನಕ್ಷತ್ರವು ಧ್ರುವಬಿಂದುವಿನಲ್ಲಿ ಇಲ್ಲ. ಅದು ಈಗ ಆ ಬಿಂದುವಿನಿಂದ 38 ಕಲೆಗಳಷ್ಟು, ಎಂದರೆ ಪೂರ್ಣಚಂದ್ರನ ಅಗಲಕ್ಕಿಂತ ಕೊಂಚ ಹೆಚ್ಚು ದೂರದಲ್ಲಿದೆ. ಮೇಟಿಯೆಂದು ನಾವು ಭಾವಿಸಿದ್ದ ಧ್ರುವನೂ ಮೇಟಿಗೆ ಅತಿ ಹತ್ತಿರದಲ್ಲಿ ಕಟ್ಟಿದ ಎತ್ತೇ ಹೊರತು ಮೇಟಿಯಲ್ಲ! ಅದೂ ದಿನಕ್ಕೊಂದು ಚಿಕ್ಕ ಸುತ್ತನ್ನು ಹಾಕುತ್ತದೆ. ಭೂಮಿಯ ಅಕ್ಷ ಬುಗುರಿಯ ಮೊಳೆಯಂತೆ ಸುಮಾರು 26,000 ವರ್ಷಗಳಿಗೊಮ್ಮೆ ತೂಗಾಡುವುದರಿಂದ ಧ್ರುವಬಿಂದುವಿನ ಸ್ಥಾನವೂ ಬದಲಾಗುತ್ತ ಹೋಗುತ್ತದೆ. ಈಜಿಪ್ಟಿನ ಪಿರಮಿಡ್ಡುಗಳು ಏಳುತ್ತಿದ್ದ ಕಾಲದಲ್ಲಿ ಥೂಬನ್ ಎಂಬ ನಕ್ಷತ್ರ ಧ್ರುವಕ್ಕೆ ಸಮೀಪವಾಗಿತ್ತು. ಇನ್ನು 12,000 ವರ್ಷಗಳ ಬಳಿಕ ಅಭಿಜಿತ್ ನಕ್ಷತ್ರ ಆ ಪ್ರದೇಶದತ್ತ ಬರುತ್ತದೆ. ಇಂದಿನ ಧ್ರುವನು ಸುಮಾರು 2100ನೆಯ ಇಸವಿಯವರೆಗೆ ಬಿಂದುವಿಗೆ ಇನ್ನಷ್ಟು ಹತ್ತಿರ ಬಂದು ಆಮೇಲೆ ದೂರ ಸರಿಯುತ್ತಾನೆ. ಅಚಲತೆಗೆ ಹೆಸರಾದವನ ಪಾಡೇ ಹೀಗೆ.

ಈ 38 ಕಲೆಗಳಿಂದ ತೊಂದರೆ ಏನು ಎಂದು ಕೇಳಬಹುದು. ಕಣ್ಣಿನಿಂದ ನೋಡುವವನಿಗೆ ಹೆಚ್ಚಿನ ತೊಂದರೆಯಿಲ್ಲ. ಅಕ್ಷವನ್ನು ಧ್ರುವನಕ್ಷತ್ರದ ಕಡೆಗೆ ತಿರುಗಿಸಿಬಿಟ್ಟರೆ ಶನಿ ಬಹುಕಾಲ ನೋಟದಲ್ಲಿಯೇ ಉಳಿಯುತ್ತದೆ. ಸಾಲಿನ ಮೂವತ್ತನೆಯ ಮಗುವಿಗೂ ಉಂಗುರ ಕಾಣುತ್ತದೆ. ಛಾಯಾಚಿತ್ರ ತೆಗೆಯುವವನ ಸ್ಥಿತಿ ಬೇರೆ. ಆಕಾಶದ ಮಂದವಾದ ಕಾಯಗಳ ಬೆಳಕನ್ನು ಹನಿಹನಿಯಾಗಿ ಕೂಡಿಡಬೇಕಾಗಿರುವುದರಿಂದ ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಡಬೇಕು. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಎಂಬ ವೈದ್ಯನು ಮಹಾವ್ಯಾಧ ಮಂಡಲದ ನೀಹಾರಿಕೆಯ ಚಿತ್ರವನ್ನು ತೆಗೆದಾಗ ಫಲಕವನ್ನು 51 ನಿಮಿಷ ತೆರೆದಿಟ್ಟಿದ್ದನು. ನೀಹಾರಿಕೆಯೊಂದರ ಮೊದಲ ಛಾಯಾಚಿತ್ರ ಅದು. ಅನಂತರ ಬಂದ ಬರ್ನಾರ್ಡ್ ಎಂಬ ಖಗೋಳಜ್ಞನು ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯದಲ್ಲಿ ಆಕಾಶಗಂಗೆಯ ಚಿತ್ರಗಳನ್ನು ತೆಗೆಯುವಾಗ ಗಂಟೆಗಟ್ಟಲೆ ಚಳಿಯಲ್ಲಿ ಕುಳಿತು, ಮಾರ್ಗದರ್ಶಿ ನಕ್ಷತ್ರವೊಂದರ ಮೇಲೆ ಕಣ್ಣುನೆಟ್ಟು, ಅದು ಕೊಂಚ ಜಾರಿದರೂ ಕೈಯಿಂದ ತಿದ್ದುತ್ತಿದ್ದನು. ಇಂದು ಆ ತಿದ್ದುವ ಕೆಲಸವನ್ನು ಇನ್ನೊಂದು ಚಿಕ್ಕ ಕ್ಯಾಮೆರಾ ಮಾಡುತ್ತದೆ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆ ಹುಟ್ಟಿಕೊಂಡಿದೆ. ತಿದ್ದುವ ಯಂತ್ರವಿರುವಾಗ ಅಕ್ಷ ಎಷ್ಟು ವಾಲಿದ್ದರೇನು ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಯಂತ್ರ ಒಂದು ನಕ್ಷತ್ರವನ್ನು ಗೂಟಕ್ಕೆ ಕಟ್ಟಿದಂತೆ ನಿಲ್ಲಿಸಬಹುದು. ಆದರೆ ವಾಲಿದ ಅಕ್ಷದಿಂದಾಗಿ ಉಳಿದ ನಕ್ಷತ್ರಗಳು ಆ ಗೂಟದ ಸುತ್ತ ಬೀಸುವ ಕಲ್ಲಿನ ಹಾಗೆ ಮೆಲ್ಲನೆ ತಿರುಗುತ್ತವೆ. ಚಿತ್ರದ ನಡುವೆ ಚುಕ್ಕೆಗಳು, ಅಂಚಿನಲ್ಲಿ ಬಾಗಿದ ಗೆರೆಗಳು. ಇಂಥ ಚಿತ್ರವನ್ನು ನೋಡಿ ಮಸೂರವನ್ನು ಬೈಯುವವರನ್ನು ನಾನು ಕಂಡಿದ್ದೇನೆ. ಮಸೂರದ್ದು ಏನೂ ತಪ್ಪಿರಲಿಲ್ಲ.

ಕಾಣದ ವಸ್ತುವನ್ನು ಹುಡುಕುವುದಕ್ಕೂ ಅಕ್ಷದ ನೇರವೇ ಆಧಾರ. ಭೂಪಟದಲ್ಲಿ ಊರುಗಳನ್ನು ಅಕ್ಷಾಂಶ ರೇಖಾಂಶಗಳಿಂದ ಗುರುತಿಸುವಂತೆ ಆಕಾಶದ ಕಾಯಗಳಿಗೂ ಎರಡು ಸಂಖ್ಯೆಗಳುಂಟು. ಅಕ್ಷ ಸರಿಯಿದ್ದರೆ ಪೀಠದ ಮೇಲಿನ ವೃತ್ತಗಳನ್ನು ಆ ಸಂಖ್ಯೆಗಳಿಗೆ ಹೊಂದಿಸಿ, ಬರಿಗಣ್ಣಿಗೆ ಎಂದೂ ಕಾಣದ ನೆಪ್ಚೂನನ್ನು ನೋಟದೊಳಕ್ಕೆ ತರಬಹುದು. ಅಕ್ಷ ತಪ್ಪಿದ್ದರೆ ಆಕಾಶದ ಒಂದು ಮೂಲೆಯಲ್ಲಿ ಸರಿಬಂದ ಸಂಖ್ಯೆ ಮತ್ತೊಂದು ಮೂಲೆಯಲ್ಲಿ ಸುಳ್ಳಾಗುತ್ತದೆ.

ಇನ್ನು ಅಕ್ಷವನ್ನು ಹೊಂದಿಸುವ ಬಗೆಯನ್ನು ನೋಡೋಣ. ಪೀಠದ ಮುಕ್ಕಾಲಿಯನ್ನು ಗಟ್ಟಿನೆಲದ ಮೇಲೆ ಊರಿ, ದಿಕ್ಸೂಚಿಯಿಂದ ಉತ್ತರವನ್ನು ಅಂದಾಜು ಮಾಡಬೇಕು. ಕರ್ನಾಟಕದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಗಳಿಗಿಂತ ಹೆಚ್ಚು ಅಂತರವಿಲ್ಲ. ಆದರೆ ಪೀಠದ ಕಬ್ಬಿಣವೇ ಮುಳ್ಳನ್ನು ಸೆಳೆಯುವುದರಿಂದ ದೂರ ನಿಂತು ನೋಡುವುದು ಒಳ್ಳೆಯದು. ರಸಮಟ್ಟವಿಟ್ಟು ಮುಕ್ಕಾಲಿಯನ್ನು ಮಟ್ಟಮಾಡುವುದರಲ್ಲಿ ಕೆಲವರು ಅರ್ಧ ಗಂಟೆ ಕಳೆಯುತ್ತಾರೆ. ಅಷ್ಟು ಶ್ರಮ ಬೇಕಾಗಿಲ್ಲ. ಅಕ್ಷ ಧ್ರುವಬಿಂದುವನ್ನು ನೋಡುತ್ತಿದ್ದರೆ ಕಾಲುಗಳು ಸ್ವಲ್ಪ ಓರೆಯಿದ್ದರೂ ಬಾಧಕವಿಲ್ಲ. ಮಟ್ಟವಾಗಿದ್ದರೆ ಮುಂದೆ ತಿರುಪುಗಳನ್ನು ತಿರುಗಿಸುವಾಗ ಲೆಕ್ಕ ಸುಲಭವಾಗುತ್ತದೆ, ಅಷ್ಟೆ. ಆಮೇಲೆ ಅಕ್ಷವನ್ನು ಊರಿನ ಅಕ್ಷಾಂಶದಷ್ಟು ಮೇಲೆತ್ತಬೇಕು. ನಮ್ಮಲ್ಲಿ ‘ಮೇಲೆತ್ತುವುದು’ ಎನ್ನುವುದಕ್ಕಿಂತ ‘ಕೆಳಗಿಳಿಸುವುದು’ ಎನ್ನುವುದೇ ಸರಿ. ಶೀತದೇಶಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಕೆಲವು ಪೀಠಗಳು 13 ಡಿಗ್ರಿಯವರೆಗೆ ಇಳಿಯುವುದೇ ಇಲ್ಲ. ಇಳಿದರೂ ಸಮತೂಕದ ಗುಂಡು ಮುಕ್ಕಾಲಿಯ ಕಾಲಿಗೆ ತಾಗುತ್ತದೆ. ಆಗ ದಕ್ಷಿಣದ ಕಡೆಯ ಕಾಲುಗಳನ್ನು ಉದ್ದಮಾಡಿ ಇಡೀ ಪೀಠವನ್ನೇ ಉತ್ತರಕ್ಕೆ ಬಾಗಿಸುವುದುಂಟು. ಕೊಳ್ಳುವವರು ಇದನ್ನು ಮೊದಲೇ ವಿಚಾರಿಸಬೇಕು.

ಧ್ರುವನಕ್ಷತ್ರ ಕಾಣುತ್ತಿದ್ದರೆ ಅಕ್ಷವನ್ನು ಅದರತ್ತ ತಿರುಗಿಸಿ, ಅಲ್ಲಿಂದ ಬಿಂದುವಿನ ಕಡೆಗೆ ಚಂದ್ರನ ಅಗಲಕ್ಕಿಂತ ಕೊಂಚ ಹೆಚ್ಚಾಗಿ ಸರಿಸಬಹುದು. ಯಾವ ಕಡೆಗೆ? ಎಂ ಅಕ್ಷರದ ಆಕಾರದ ಕುಂತೀ ಮಂಡಲವಿರುವ ಕಡೆಗೆ ಧ್ರುವನು ಬಿಂದುವಿನಿಂದ ಸರಿದಿದ್ದಾನೆ. ಆದುದರಿಂದ ಕುಂತಿ ಧ್ರುವನ ಮೇಲೆ ಇರುವಾಗ ಬಿಂದು ಧ್ರುವನಿಗಿಂತ ಕೆಳಗಿದೆಯೆಂದು ಸ್ಥೂಲವಾಗಿ ತಿಳಿಯಬಹುದು. ಇದು ಅಂದಾಜಿನ ಮಾತು.

ಧ್ರುವನಕ್ಷತ್ರವೇ ಬೇಡದ ವಿಧಾನ ಇನ್ನೊಂದಿದೆ. ನನ್ನ ಮಟ್ಟಿಗೆ ಅದೇ ನಮ್ಮ ನಾಡಿಗೆ ತಕ್ಕ ವಿಧಾನ. ಫ್ರಾನ್ಸಿನಲ್ಲಿ ಬಿಗೂರ್ದಾಂ ಎಂಬ ಖಗೋಳಜ್ಞನ ಹೆಸರಿನಿಂದ ಅದನ್ನು ಕರೆಯುತ್ತಾರೆ. ನಾವು ಜಾರುವಿಕೆಯ ವಿಧಾನವೆನ್ನಬಹುದು. ಇದರಲ್ಲಿ ನಕ್ಷತ್ರ ಜಾರುವುದನ್ನು ತಡೆಯುವ ಬದಲು ಜಾರಲು ಬಿಟ್ಟು, ಅದು ಏನು ಹೇಳುತ್ತದೆಂಬುದನ್ನು ಕೇಳಬೇಕು. ಇದಕ್ಕೆ ಬೇಕಾದುದು ಅಡ್ಡಗೆರೆಗಳಿರುವ ನೇತ್ರಮಸೂರ, ಗಡಿಯಾರ, ತಾಳ್ಮೆ. ದಕ್ಷಿಣೋತ್ತರವಾಗಿ ನೆತ್ತಿಯ ಮೂಲಕ ಹಾದುಹೋಗುವ ಮಧ್ಯರೇಖೆಯ ಹತ್ತಿರ, ಆಕಾಶದ ವಿಷುವದ್ವೃತ್ತಕ್ಕೆ ಸಮೀಪವಾದ ನಕ್ಷತ್ರವೊಂದನ್ನು ಆರಿಸಿ ಅಡ್ಡಗೆರೆಗಳ ಸಂಧಿಯಲ್ಲಿ ನಿಲ್ಲಿಸಿ, ಮೋಟಾರನ್ನು ಓಡಿಸಿ. ಕೊಳವೆಯನ್ನು ಉತ್ತರಕ್ಕೆ ಕೊಂಚ ಒತ್ತಿದಾಗ ನಕ್ಷತ್ರ ನೋಟದಲ್ಲಿ ಯಾವ ಕಡೆಗೆ ಸರಿಯುತ್ತದೆಯೋ ಅದು ದಕ್ಷಿಣವೆಂದು ಮೊದಲೇ ಗುರುತಿಟ್ಟುಕೊಳ್ಳಿ. ದೂರದರ್ಶಕದಲ್ಲಿ ದಿಕ್ಕುಗಳು ತಲೆಕೆಳಗಾಗಿರುತ್ತವೆ. ಪೂರ್ವಪಶ್ಚಿಮದ ಚಲನೆಯನ್ನು ಲೆಕ್ಕಿಸಬೇಡಿ, ಅದು ಮೋಟಾರಿನ ವೇಗಕ್ಕೆ ಸಂಬಂಧಿಸಿದ್ದು. ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ಧ್ರುವಬಿಂದುವಿನಿಂದ ಪೂರ್ವಕ್ಕೆ ತಪ್ಪಿದೆ. ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ ತಪ್ಪಿದೆ. ಇದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅಕ್ಷ ಪೂರ್ವಕ್ಕೆ ವಾಲಿದ್ದರೆ ದೂರದರ್ಶಕವು ಪಶ್ಚಿಮಕ್ಕೆ ಸಾಗುತ್ತ ಕೊಂಚ ಉತ್ತರಕ್ಕೂ ಹೋಗುತ್ತದೆ; ನಕ್ಷತ್ರ ಅದರಿಂದ ಹಿಂದುಳಿದು ದಕ್ಷಿಣಕ್ಕೆ ಜಾರಿದಂತೆ ಕಾಣುತ್ತದೆ. ಒಂದು ಚೆಂಡಿನ ಮೇಲೆ ಸುಣ್ಣದಕಡ್ಡಿಯಿಂದ ವೃತ್ತಗಳನ್ನು ಬರೆದು ನೋಡಿದರೆ ಎಲ್ಲವೂ ತಿಳಿಯುತ್ತದೆ.

ಎಡಬಲದ ತಿರುಪನ್ನು ತಿರುಗಿಸಿ ಈ ಜಾರುವಿಕೆಯನ್ನು ನಿಲ್ಲಿಸಿದ ಮೇಲೆ, ಪೂರ್ವದಲ್ಲಿ ಕ್ಷಿತಿಜದಿಂದ 20 ಡಿಗ್ರಿಯಷ್ಟು ಮೇಲಿರುವ ನಕ್ಷತ್ರವೊಂದನ್ನು ಹಿಡಿಯಬೇಕು. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಎಷ್ಟು ಹೊತ್ತು ನೋಡಬೇಕು? ಅಕ್ಷ ಒಂದು ಡಿಗ್ರಿ ತಪ್ಪಿದ್ದರೆ ನಕ್ಷತ್ರ ನಾಲ್ಕು ನಿಮಿಷಗಳಲ್ಲಿ ಸುಮಾರು ಒಂದು ಕಲೆ ಜಾರುತ್ತದೆ. ಗುರುಗ್ರಹದ ಬಿಂಬ ಅತಿ ದೊಡ್ಡದಾಗಿ ಕಂಡಾಗಲೂ ಅಷ್ಟು ಅಗಲವಿರುವುದಿಲ್ಲ. ಒಂದು ಕಲೆ ತಪ್ಪಿದ್ದರೆ ಅದೇ ಅವಧಿಯಲ್ಲಿ ಜಾರುವುದು ಒಂದು ವಿಕಲೆ ಮಾತ್ರ. ತಪ್ಪು ಕಡಿಮೆಯಾದಂತೆಲ್ಲ ಅದನ್ನು ಕಾಣಲು ಹೆಚ್ಚು ಹೊತ್ತು ಕಾಯಬೇಕು. ಮೊದಲ ತಿದ್ದುಪಡಿಗೆ ಒಂದು ನಿಮಿಷ, ಕೊನೆಯದಕ್ಕೆ ಕಾಲು ಗಂಟೆ. ವಾಯುಮಂಡಲವು ಬೆಳಕನ್ನು ಬಾಗಿಸುವುದರಿಂದ 13 ಡಿಗ್ರಿ ಎತ್ತರದ ವಸ್ತು 4 ಕಲೆಗಳಷ್ಟು ಮೇಲಿರುವಂತೆ ತೋರುತ್ತದೆ. ಆದ್ದರಿಂದ ನಮ್ಮ ನಾಡಿನಲ್ಲಿ ಧ್ರುವನಕ್ಷತ್ರವನ್ನೇ ನೋಡಿ ಹೊಂದಿಸುವವನು ಈ ಮೋಸಕ್ಕೂ ಒಳಗಾಗುತ್ತಾನೆ. ಮಧ್ಯರೇಖೆಯ ಮೇಲೆ ಎತ್ತರದಲ್ಲಿರುವ ನಕ್ಷತ್ರದಲ್ಲಿ ಇದು ಲೆಕ್ಕಕ್ಕೆ ಬಾರದಷ್ಟು ಸಣ್ಣದು.

ಈಗ ಯಂತ್ರದ ಪಕ್ಷವನ್ನೂ ಕೇಳಬೇಕು. ಇಂದಿನ ಪೀಠಕ್ಕೆ ಕ್ಯಾಮೆರಾವೊಂದನ್ನು ಜೋಡಿಸಿದರೆ ಅದು ಅಕ್ಷವನ್ನು ತಿರುಗಿಸುತ್ತ ಎರಡು ಮೂರು ಚಿತ್ರಗಳನ್ನು ತೆಗೆದು, ಅವುಗಳ ನಕ್ಷತ್ರಗಳನ್ನು ತನ್ನ ಪಟ್ಟಿಯೊಡನೆ ಹೋಲಿಸಿ, ಚಿತ್ರಗಳು ಯಾವ ಬಿಂದುವಿನ ಸುತ್ತ ತಿರುಗಿದವೆಂಬುದನ್ನು ಲೆಕ್ಕಹಾಕಿ, ಯಾವ ತಿರುಪನ್ನು ಎಷ್ಟು ತಿರುಗಿಸಬೇಕೆಂದು ಹೇಳುತ್ತದೆ. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಧ್ರುವಾಕ್ಷವೇ ಇಲ್ಲದೆ, ಎರಡು ಚಲನೆಗಳನ್ನೂ ಗಣಕದಿಂದಲೇ ನಡೆಸಿ ತಾನಾಗಿ ಚಿತ್ರ ತೆಗೆಯುವ ಚಿಕ್ಕ ದೂರದರ್ಶಕಗಳೂ ಬಂದಿವೆ. ದೊಡ್ಡ ವೀಕ್ಷಣಾಲಯಗಳು ಈ ದಾರಿಯನ್ನು ಎಂದೋ ಹಿಡಿದವು. 1975ರಲ್ಲಿ ಸೋವಿಯತ್ ದೇಶದ ಕಾಕಸಸ್ ಪರ್ವತಗಳಲ್ಲಿ ಕಣ್ತೆರೆದ 6 ಮೀಟರ್ ದೂರದರ್ಶಕಕ್ಕೆ ಧ್ರುವಾಕ್ಷವಿರಲಿಲ್ಲ. ಲಡಾಖಿನ ಹಾನ್ಲೆಯಲ್ಲಿದ್ದು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ನಡೆಯುವ ನಮ್ಮ 2 ಮೀಟರ್ ದೂರದರ್ಶಕಕ್ಕೂ ಇಲ್ಲ. ಭಾರವಾದ ಯಂತ್ರವನ್ನು ಓರೆಯಾಗಿ ನಿಲ್ಲಿಸುವುದಕ್ಕಿಂತ ನೆಟ್ಟಗೆ ನಿಲ್ಲಿಸಿ ಗಣಕಕ್ಕೆ ಲೆಕ್ಕ ಒಪ್ಪಿಸುವುದು ಅಗ್ಗ. ಸಂಶೋಧಕನಿಗೆ ಬೇಕಾದುದು ನಕ್ಷತ್ರದ ಬೆಳಕು. ಅವನು ಯಂತ್ರವನ್ನು ಆಶ್ರಯಿಸುವುದರಲ್ಲಿ ತಪ್ಪೇನೂ ಇಲ್ಲ. ಹಗಲೆಲ್ಲ ದುಡಿದು ಬಂದು ರಾತ್ರಿ ಎರಡು ಗಂಟೆಯ ಬಿಡುವಿನಲ್ಲಿ ಚಿತ್ರ ತೆಗೆಯುವ ಹವ್ಯಾಸಿಗೂ ನಾನು ಬುದ್ಧಿ ಹೇಳಲಾರೆ.

ವಿದ್ಯಾರ್ಥಿಯ ಮಾತು ಹಾಗಲ್ಲ. ಮಹಾವ್ಯಾಧನ ನೀಹಾರಿಕೆಯ ಚಿತ್ರ ಅವನಿಗೆ ಯಾವ ಪುಸ್ತಕದಲ್ಲಿಯಾದರೂ ಸಿಕ್ಕುತ್ತದೆ, ಅವನು ತೆಗೆಯಬಹುದಾದುದಕ್ಕಿಂತ ಸಾವಿರ ಪಟ್ಟು ಚೆನ್ನಾಗಿಯೇ ಸಿಕ್ಕುತ್ತದೆ. ಭೂಮಿ ತಿರುಗುತ್ತದೆಂದು ಅವನು ಮೂರನೆಯ ತರಗತಿಯಿಂದಲೂ ಓದಿದ್ದಾನೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದಾನೆ, ತಿರುಗುವುದನ್ನು ಕಂಡಿಲ್ಲ. ಅಡ್ಡಗೆರೆಯಿಂದ ನಕ್ಷತ್ರವೊಂದು ಜಾರುವುದನ್ನು ನೋಡಿ, ಅದರ ಕಾರಣವನ್ನು ಊಹಿಸಿ, ತಿರುಪನ್ನು ಅತ್ತ ತಿರುಗಿಸಬೇಕೋ ಇತ್ತ ತಿರುಗಿಸಬೇಕೋ ಎಂದು ತಾನೇ ತೀರ್ಮಾನಿಸಿ, ತಿರುಗಿಸಿ, ಮತ್ತೆ ಕಣ್ಣಿಟ್ಟು, ಅದು ನಿಂತುದನ್ನು ಕಂಡ ಹುಡುಗಿಗೆ ಭೂಮಿಯ ಅಕ್ಷ ಎಲ್ಲಿದೆಯೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಅವಳ ಕೈಯ ಕೆಳಗೇ ಅದಕ್ಕೆ ಸಮಾಂತರವಾದ ಉಕ್ಕಿನ ದಂಡವಿದೆ. ಯಂತ್ರ ‘ಹೊಂದಿತು’ ಎಂದು ಪರದೆಯ ಮೇಲೆ ಬರೆದಾಗ ತಲೆಯಾಡಿಸುವ ಹುಡುಗಿಗೆ ಈ ಅನುಭವ ದೊರೆಯದು. ಕಲ್ಯಾಣಮಂಟಪದ ಬಾಗಿಲಲ್ಲಿ “ಕಂಡೆವು” ಎಂದವರಿಗಿಂತ ಅವಳ ಸ್ಥಿತಿ ಬೇರೆಯೇನಲ್ಲ. ಅದಲ್ಲದೆ ಯಂತ್ರ ಒಂದು ರಾತ್ರಿ ಕೈಕೊಟ್ಟರೆ, ಅಥವಾ ಅದರ ತಂತು ತುಂಡಾದರೆ, ಅವಳ ದೂರದರ್ಶಕ ಬೀರುವನ್ನು ಸೇರುತ್ತದೆ. ಬೀರು ಸೇರಿದ ದೂರದರ್ಶಕ ಮತ್ತೆ ಹೊರಬರುವುದು ಅಪರೂಪ. ಮೊದಲು ಕೈಯಿಂದ ಕಲಿತು ಆಮೇಲೆ ಯಂತ್ರವನ್ನು ಬಳಸಲಿ. ಯಂತ್ರ ತಪ್ಪಿದಾಗ ತಪ್ಪಿತೆಂದು ಗುರುತಿಸುವ ಶಕ್ತಿಯಾದರೂ ಆಗ ಇರುತ್ತದೆ.

ಒಂದು ಸಂಜೆ ಇದಕ್ಕೆ ಸಾಕು. ಫೆಬ್ರವರಿಯ ಕೊನೆಯಲ್ಲಿ ಚಂದ್ರನಿಲ್ಲದ ದಿನವನ್ನು ಆರಿಸಿಕೊಳ್ಳಿ. ಸಂಜೆ ಏಳೂವರೆಯ ಹೊತ್ತಿಗೆ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ನೆತ್ತಿಗಿಂತ ಕೊಂಚ ದಕ್ಷಿಣಕ್ಕೆ, ಮಧ್ಯರೇಖೆಯ ಮೇಲೆ ನಿಂತಿರುತ್ತವೆ. ಅವುಗಳಲ್ಲಿ ಮುಂದಾಗಿ ಪಶ್ಚಿಮಕ್ಕಿರುವುದು ವಿಷುವದ್ವೃತ್ತದ ಮೇಲೆಯೇ ಇದೆಯೆನ್ನಬಹುದು. ಅದೇ ಹೊತ್ತಿಗೆ ಪೂರ್ವದಲ್ಲಿ ಮಖಾ ನಕ್ಷತ್ರ 20 ಡಿಗ್ರಿಗಳಿಗಿಂತ ತುಸು ಮೇಲೆ ಬಂದಿರುತ್ತದೆ. ಎರಡೂ ಪರೀಕ್ಷೆಗಳನ್ನು ಒಂದೇ ಬೈಠಕ್ಕಿನಲ್ಲಿ ಮುಗಿಸಿ, ಊಟದ ಹೊತ್ತಿಗೆ ಮನೆ ಸೇರಬಹುದು.

ಮನೆಗೆ ಹೊರಡುವ ಮೊದಲು ಇನ್ನೊಂದು ಅಳತೆ ಬಾಕಿಯಿದೆ. ಧ್ರುವಾಕ್ಷದ ಪಕ್ಕದಲ್ಲಿ ಕೋನಮಾಪಕವನ್ನು ಹಿಡಿದು, ದಾರಕ್ಕೆ ಕಟ್ಟಿದ ತೂಗುಗುಂಡಿನ ಸಹಾಯದಿಂದ, ಅಕ್ಷ ನೆಲಮಟ್ಟದಿಂದ ಎಷ್ಟು ಡಿಗ್ರಿ ಮೇಲೆದ್ದಿದೆಯೆಂದು ಅಳೆದು ಬರೆದಿಟ್ಟುಕೊಳ್ಳಿ. ಅದು ನಿಮ್ಮ ಊರಿನ ಅಕ್ಷಾಂಶ. ಯಾವ ಭೂಪಟವನ್ನೂ ನೋಡದೆ ನೀವೇ ಕಂಡುಕೊಂಡದ್ದು. ಬೀದರಿನ ಶಾಲೆಯೊಂದೂ ಮೈಸೂರಿನ ಶಾಲೆಯೊಂದೂ ತಮ್ಮ ಸಂಖ್ಯೆಗಳನ್ನು ಪತ್ರದಲ್ಲಿ ಬರೆದು ವಿನಿಮಯ ಮಾಡಿಕೊಂಡರೆ ಇನ್ನೂ ಸೊಗಸು. ಎರಡು ಊರುಗಳೂ ಹೆಚ್ಚುಕಡಿಮೆ ಒಂದೇ ದಕ್ಷಿಣೋತ್ತರ ರೇಖೆಯಲ್ಲಿವೆ. ಬೀದರು ಮೈಸೂರಿಗಿಂತ ಸುಮಾರು 620 ಕಿಲೋಮೀಟರ್ ಉತ್ತರಕ್ಕಿದೆ. ಕೋನಗಳ ವ್ಯತ್ಯಾಸ 5.6 ಡಿಗ್ರಿಯೆಂದು ಬಂದರೆ, 620ನ್ನು 5.6ರಿಂದ ಭಾಗಿಸಿ 360ರಿಂದ ಗುಣಿಸಿದಾಗ ಭೂಮಿಯ ಸುತ್ತಳತೆ 40,000 ಕಿಲೋಮೀಟರುಗಳ ಹತ್ತಿರ ಬರುತ್ತದೆ. ಕೋನಮಾಪಕದ ಓದಿನಲ್ಲಿ ಎರಡು ಶಾಲೆಗಳ ನಡುವೆ ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ಉತ್ತರವು 36,000 ಮತ್ತು 44,000ದ ನಡುವೆಯೇ ಇರುತ್ತದೆ.